ರೀಬೌಂಡ್ ತಂತ್ರಾಂಶ: ಒಂಬತ್ತನೇ ಗ್ರಹದ ಹುಟ್ಟನ್ನು ಪರೀಕ್ಷಿಸಲು ಎಷ್ಟು ತಕ್ಕದ್ದು?

ನೆಪ್ಚೂನಿನ ಆಚೆ ಇನ್ನೂ ಕಣ್ಣಿಗೆ ಬೀಳದ ದೊಡ್ಡ ಗ್ರಹವೊಂದು, ಅಂದರೆ ‘ಒಂಬತ್ತನೇ ಗ್ರಹ’, ಇದೆಯೋ ಇಲ್ಲವೋ ಎಂಬ ಜಗಳ ಮುಗಿದಿಲ್ಲ. ಇದೆ ಎಂದು ಒಪ್ಪಿಕೊಂಡರೆ ಅದಕ್ಕಿಂತ ಕಷ್ಟದ ಪ್ರಶ್ನೆ ಎದುರಾಗುತ್ತದೆ: ಗ್ರಹ ಕಟ್ಟುವಷ್ಟು ಸಾಮಗ್ರಿಯೇ ಇರದ ಅಷ್ಟು ದೂರಕ್ಕೆ ಅದು ಹೋಗಿ ಸೇರಿದ್ದು ಹೇಗೆ? ಇದನ್ನು ಸ್ವಂತ ಕಂಪ್ಯೂಟರಿನಲ್ಲೇ ಓಡಿಸಿ ನೋಡಲು ಸಿಗುವ ಸಲಕರಣೆಗಳಲ್ಲಿ ರೀಬೌಂಡ್ ಬಹುಶಃ ಅತ್ಯಂತ ಅನುಕೂಲವಾದದ್ದು. ಆದರೆ ಅದು ತಪ್ಪು ಲೆಕ್ಕವನ್ನೂ ಸರಿಯಾದ ಲೆಕ್ಕದಷ್ಟೇ ನಿಷ್ಠೆಯಿಂದ ಮಾಡಿಕೊಡುತ್ತದೆ. ಈ ವಿಮರ್ಶೆಯ ಬಹುಪಾಲು ಅದರ ಬಗ್ಗೆಯೇ.

ಮೊದಲು ಪರಿಚಯ. ಹಾನೊ ರೈನ್ ಮತ್ತು ಶಾಂಗ್-ಫೇ ಲಿಯು 2012ರಲ್ಲಿ ಪ್ರಕಟಿಸಿದ ಮುಕ್ತ ತಂತ್ರಾಂಶ ಇದು. ಕಾಯಗಳು ಒಂದನ್ನೊಂದು ಗುರುತ್ವದಿಂದ ಸೆಳೆಯುತ್ತ ಹೇಗೆ ಚಲಿಸುತ್ತವೆ ಎಂದು ಲೆಕ್ಕ ಹಾಕುತ್ತದೆ. ಒಡಲು ಸಿ ಭಾಷೆಯದು, ಮುಖ ಪೈಥಾನಿನದು. ಜಿಪಿಎಲ್ ಪರವಾನಗಿ, ಹಣ ಕೊಡಬೇಕಿಲ್ಲ. ಪೈಥಾನ್ ಇದ್ದರೆ ಅದರ ಸ್ಥಾಪನಾ ಸಲಕರಣೆಯಾದ ಪಿಪ್ ಮೂಲಕ ಒಂದೇ ಸಾಲಿನಲ್ಲಿ ಸ್ಥಾಪನೆ ಆಗುತ್ತದೆ. ಗುರು, ಶನಿ ಎಂದು ಹೆಸರು ಕೊಟ್ಟರೆ ನಾಸಾದ ಜೆಪಿಎಲ್ ಹೊರೈಜನ್ಸ್ ಸೇವೆಯಿಂದ ಅವುಗಳ ಸ್ಥಾನ ಮತ್ತು ವೇಗವನ್ನು ತಾನೇ ತಂದುಕೊಳ್ಳುತ್ತದೆ. ನಾಲ್ಕನೇ ಆವೃತ್ತಿಯಿಂದ ಓಡುತ್ತಿರುವ ಲೆಕ್ಕವನ್ನು ಬ್ರೌಸರಿನಲ್ಲೇ ಚಿತ್ರವಾಗಿ ನೋಡಬಹುದು. ಅದು ಶೋಕಿಗಾಗಿ ಇಟ್ಟದ್ದಲ್ಲ. ತಪ್ಪು ಕೋನ ಕೊಟ್ಟ ಕಕ್ಷೆ ಅಲ್ಲಿ ಮೊದಲ ನೋಟಕ್ಕೇ ಎದ್ದು ಕಾಣುತ್ತದೆ.

ಮುಟ್ಟಬೇಕಾದ ಗುರಿ ಯಾವುದು ಎಂಬುದನ್ನು ಮೊದಲೇ ನಿಗದಿ ಮಾಡಿಕೊಳ್ಳಬೇಕು. ಈ ಗ್ರಹದ ಊಹೆಯನ್ನು ಮುಂದಿಟ್ಟ ಖಗೋಳವಿಜ್ಞಾನಿಗಳಾದ ಬಟೀಗಿನ್ ಮತ್ತು ಬ್ರೌನ್ 2016ರಲ್ಲಿ ಹೇಳಿದ್ದು ಸುಮಾರು 10 ಭೂಮಿಗಳ ತೂಕದ, 700 ಖಗೋಳಮಾನ (ಒಂದು ಖಗೋಳಮಾನ ಎಂದರೆ ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರ) ಅರ್ಧ ದೀರ್ಘಾಕ್ಷದ (ಕಕ್ಷೆಯ ಉದ್ದದ ಅರ್ಧ) ಗ್ರಹ. ಅದೇ ಇಬ್ಬರ 2021ರ ಅಂದಾಜು ತುಂಬ ಬೇರೆ: 6.2 ಭೂಮಿಗಳ ದ್ರವ್ಯರಾಶಿ, 380 ಖಗೋಳಮಾನದ ಅರ್ಧ ದೀರ್ಘಾಕ್ಷ, 300ರ ಆಸುಪಾಸಿನ ಪುರರವಿ (ಕಕ್ಷೆಯಲ್ಲಿ ಸೂರ್ಯನಿಗೆ ಅತಿ ಹತ್ತಿರದ ಬಿಂದು), ಗ್ರಹಗಳ ಸಮತಲಕ್ಕೆ 16 ಡಿಗ್ರಿ ಓರೆ. ಹಳೆಯ ಗುರಿ ಇಟ್ಟುಕೊಂಡ ಸ್ಕ್ರಿಪ್ಟುಗಳು ಇನ್ನೂ ಓಡಾಡುತ್ತಿವೆ. 700ಕ್ಕೂ 380ಕ್ಕೂ ಹುಟ್ಟಿನ ಕಥೆಯೇ ಬದಲಾಗುತ್ತದೆ, ಏಕೆಂದರೆ ಗ್ರಹ ಹತ್ತಿರವಿದ್ದಷ್ಟೂ ಹೊರಗಿನ ನಕ್ಷತ್ರದ ಸೆಳೆತ ಅದನ್ನು ಅಲುಗಿಸುವುದು ಕಷ್ಟ. ಇನ್ನೊಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡಬೇಕು. ದೂರದ ಕಾಯಗಳ ಕಕ್ಷೆಗಳು ಒಂದೇ ಕಡೆ ಗುಂಪಾಗಿರುವುದೇ ಈ ಗ್ರಹಕ್ಕೆ ಮುಖ್ಯ ಸಾಕ್ಷಿ. ಓಸೊಸ್ ಮತ್ತು ಡಾರ್ಕ್ ಎನರ್ಜಿ ಸರ್ವೇ ಎಂಬ ಆಕಾಶ ಸಮೀಕ್ಷೆಗಳ ತಂಡಗಳ ವಿಶ್ಲೇಷಣೆಗಳ ಪ್ರಕಾರ, ದೂರದರ್ಶಕ ಯಾವ ದಿಕ್ಕಿಗೆ ನೋಡಿತು ಎಂಬುದರಿಂದಲೇ ಆ ಗುಂಪು ಕಂಡಿರಬಹುದು. 2025ರಲ್ಲಿ ಪ್ರಕಟವಾದ 2017 ಓಎಫ್201, 2023 ಕೆಕ್ಯೂ14 ಎಂಬ ಕಾಯಗಳೂ ಗುಂಪಿಗೆ ಸರಿಯಾಗಿ ಹೊಂದುವುದಿಲ್ಲ. ಗ್ರಹದ ಹುಟ್ಟಿನ ಸಿಮ್ಯುಲೇಷನ್ ಎಷ್ಟೇ ಚೆನ್ನಾಗಿ ಓಡಿದರೂ ಈ ತಕರಾರಿಗೆ ಅದು ಉತ್ತರವಾಗದು.

ಒಳಗಿನಿಂದ ಹೊರಗೆ ಎಸೆದ ಗ್ರಹ

ಹೆಚ್ಚು ಜನ ಮೊದಲು ಪ್ರಯತ್ನಿಸುವ ಊಹೆ ಇದು. ಗುರು, ಶನಿ, ಯುರೇನಸ್, ನೆಪ್ಚೂನ್‌ಗಳ ಜೊತೆಗೇ ಹುಟ್ಟಿದ ಐದನೆಯ ದೊಡ್ಡ ಗ್ರಹವೊಂದನ್ನು ಗುರು ಆಚೆಗೆ ಎಸೆದ ಎಂಬುದು ವಾದ. ರೀಬೌಂಡಿನಲ್ಲಿ ಎಸೆಯುವುದು ಬಹಳ ಸುಲಭ. ಗುರು ಶನಿಗಳ ನಡುವೆ ಅಥವಾ ಶನಿಯ ತುಸು ಆಚೆ ಆರು ಭೂಮಿಗಳ ಕಾಯವೊಂದನ್ನಿಟ್ಟು ಓಡಲು ಬಿಟ್ಟರೆ ಸಾಕು. ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ಎಸೆತದಿಂದ ಗ್ರಹದ ಅಪರವಿ (ಸೂರ್ಯನಿಂದ ಅತಿ ದೂರದ ಬಿಂದು) ದೂರ ದೂರ ಹೋಗುತ್ತದೆ. ಪುರರವಿ ಮಾತ್ರ ಎಸೆದ ಜಾಗದ ಹತ್ತಿರವೇ ಉಳಿಯುತ್ತದೆ. ಆದ್ದರಿಂದ ಗ್ರಹ ಪ್ರತಿ ಸುತ್ತಿನಲ್ಲೂ ಗುರುವಿನ ಬಳಿಗೆ ಮರಳಿ ಬಂದು ಇನ್ನೊಂದು ಒದೆ ತಿನ್ನುತ್ತದೆ. ಹೀಗೆ ಕೆಲವು ಸುತ್ತುಗಳಾದ ಮೇಲೆ ಸೌರಮಂಡಲವನ್ನೇ ಬಿಟ್ಟು ಹೋಗುತ್ತದೆ. ಪುರರವಿಯನ್ನು ಮೇಲೆತ್ತಲು ಹೊರಗಿನ ಕೈಯೊಂದು ಬೇಕೇ ಬೇಕು.

ಎಷ್ಟು ಬಲದ ಕೈ? ಪುರರವಿ 10, ಅಪರವಿ 1000 ಖಗೋಳಮಾನ ಇರುವ ಗ್ರಹ ಅಪರವಿಯಲ್ಲಿ ಸೆಕೆಂಡಿಗೆ 0.13 ಕಿಲೋಮೀಟರ್ ವೇಗದಲ್ಲಿ ತೆವಳುತ್ತಿರುತ್ತದೆ. ಅದೇ ಅಪರವಿ ಇಟ್ಟುಕೊಂಡು ಪುರರವಿ 250ಕ್ಕೆ ಏರಬೇಕಾದರೆ ಅಲ್ಲಿನ ವೇಗ 0.6 ಆಗಬೇಕು. ಅಂದರೆ ಸರಿಯಾದ ದಿಕ್ಕಿನಲ್ಲಿ ಸುಮಾರು 0.46ರ ತಳ್ಳು ಬೇಕು. ಸೂರ್ಯನಷ್ಟೇ ತೂಕದ ನಕ್ಷತ್ರ ಸೆಕೆಂಡಿಗೆ 1 ಕಿಲೋಮೀಟರ್ ವೇಗದಲ್ಲಿ ಸುಮಾರು 2000 ಖಗೋಳಮಾನ ದೂರದಲ್ಲಿ ಹಾದುಹೋದರೆ ಅಷ್ಟು ಸಿಗುತ್ತದೆ. ಅಂಥ ನಿಧಾನದ ನಕ್ಷತ್ರಗಳಿದ್ದದ್ದು ಸೂರ್ಯ ಹುಟ್ಟಿದ ನಕ್ಷತ್ರಗುಚ್ಛದಲ್ಲಿ. ಈಗ ನಮ್ಮ ಸುತ್ತಲಿನ ನಕ್ಷತ್ರಗಳ ಸಾಪೇಕ್ಷ ವೇಗ ಸೆಕೆಂಡಿಗೆ ಹತ್ತಾರು ಕಿಲೋಮೀಟರ್. ಆ ವೇಗದಲ್ಲಿ ಅದೇ ತಳ್ಳು ಸಿಗಬೇಕಾದರೆ ನಕ್ಷತ್ರ ಒಂದೆರಡು ನೂರು ಖಗೋಳಮಾನದಷ್ಟು ಹತ್ತಿರ ಬರಬೇಕು. ಸುಮಾರು 70 ಸಾವಿರ ವರ್ಷ ಹಿಂದೆ ಹಾದುಹೋದ ಶೋಲ್ಟ್ಸ್ ನಕ್ಷತ್ರ ಉಳಿದದ್ದು 50 ಸಾವಿರ ಖಗೋಳಮಾನಕ್ಕೂ ಆಚೆ. ಹಾಗಾಗಿ ಈ ಊಹೆ ನಿಲ್ಲಬೇಕಾದರೆ ಎಸೆತ ಮತ್ತು ನಕ್ಷತ್ರದ ಹಾಯುವಿಕೆ ಎರಡೂ ಸೂರ್ಯ ಗುಚ್ಛದಲ್ಲಿದ್ದ ಬಾಲ್ಯದಲ್ಲೇ ಆಗಿರಬೇಕು. ಅದರ ಮೇಲೆ, ಗ್ರಹ ಹೊರಬಿದ್ದು ಹೋಗುವ ಮೊದಲು ಸಿಗುವ ಸಣ್ಣ ಬಿಡುವಿನಲ್ಲೇ ನಕ್ಷತ್ರ ಬರಬೇಕು.

ಈ ಕೈಲೆಕ್ಕ ಬರೀ ಅಂದಾಜು. ನಕ್ಷತ್ರ 2000 ಖಗೋಳಮಾನ ಸಾಗಲು ಸುಮಾರು 9,500 ವರ್ಷ ಹಿಡಿಯುತ್ತದೆ, ಗ್ರಹದ ಒಂದು ಸುತ್ತಿಗೆ 11,000 ಚಿಲ್ಲರೆ ವರ್ಷ. ಎರಡೂ ಹೆಚ್ಚುಕಡಿಮೆ ಸಮ ಇರುವಾಗ ‘ಒಂದೇ ಏಟಿನ ತಳ್ಳು’ ಎಂಬ ಸೂತ್ರ ನೆಚ್ಚಿಕೊಳ್ಳುವಂಥದ್ದಲ್ಲ. ರೀಬೌಂಡ್ ತನ್ನ ಬೆಲೆ ತೋರಿಸುವುದು ಇಲ್ಲಿ.

ನಕ್ಷತ್ರವನ್ನು ಸೇರಿಸುವುದು ಹೀಗೆ. ಅದರದ್ದು ಒಮ್ಮೆ ಬಂದು ಮರಳದ ತೆರೆದ ಹಾದಿ, ಅಂದರೆ ಅತಿಪರವಲಯ; ಅದಕ್ಕೆ ಅರ್ಧ ದೀರ್ಘಾಕ್ಷ ಋಣ ಸಂಖ್ಯೆ. ಸೆಕೆಂಡಿಗೆ 1 ಕಿಲೋಮೀಟರ್ ವೇಗ, ಎರಡು ಸೂರ್ಯರ ಒಟ್ಟು ತೂಕ ಎಂದಾದರೆ ಅರ್ಧ ದೀರ್ಘಾಕ್ಷ ಮೈನಸ್ 1774. ಅತ್ಯಂತ ಹತ್ತಿರದ ದೂರ 2000 ಬೇಕಿದ್ದರೆ ಉತ್ಕೇಂದ್ರತೆ (ಹಾದಿ ವೃತ್ತಕ್ಕಿಂತ ಎಷ್ಟು ಬೇರೆ ಎಂಬ ಅಳತೆ, ವೃತ್ತಕ್ಕೆ ಸೊನ್ನೆ) 2.127. ಆ ಅತಿ ಹತ್ತಿರದ ಬಿಂದುವಿನಿಂದ ಅಳೆದ ಶುರುವಿನ ಕೋನ ಮೈನಸ್ 109 ಡಿಗ್ರಿ ಕೊಟ್ಟರೆ ನಕ್ಷತ್ರ ಸುಮಾರು 20 ಸಾವಿರ ಖಗೋಳಮಾನದಿಂದ ಹೊರಡುತ್ತದೆ. ಈ ಅತಿಪರವಲಯಕ್ಕೆ 118 ಡಿಗ್ರಿಯೇ ಮಿತಿ. ಅದರಾಚೆಯ ಕೋನ ಕೊಟ್ಟರೆ ತಂತ್ರಾಂಶ ಒಪ್ಪುವುದಿಲ್ಲ. ಒಪ್ಪದೆ ನಿಲ್ಲಿಸುವ ಕೆಲವೇ ಕಡೆಗಳಲ್ಲಿ ಇದೊಂದು.

ನಿಲ್ಲಿಸದ ಕಡೆಗಳ ಪಟ್ಟಿ ಉದ್ದವಿದೆ. ಕೋನಗಳನ್ನೆಲ್ಲ ರೇಡಿಯನ್ನಿನಲ್ಲೇ ಕೊಡಬೇಕು. 20 ಡಿಗ್ರಿ ಓರೆ ಎಂದುಕೊಂಡು 20 ಎಂದು ಬರೆದರೆ, ಸುತ್ತುಗಳನ್ನು ಕಳೆದ ಮೇಲೆ ಅದು 66 ಡಿಗ್ರಿಯಾಗಿ ಕೂರುತ್ತದೆ. ಎಚ್ಚರಿಕೆಯ ಒಂದು ಸಾಲೂ ಬರುವುದಿಲ್ಲ. ಏಕಮಾನ ಹೇಳದಿದ್ದರೆ ಗುರುತ್ವ ಸ್ಥಿರಾಂಕ 1 ಎಂದು ಹಿಡಿಯುತ್ತದೆ, ಆಗ ಒಂದು ವರ್ಷಕ್ಕೆ 6.283 ಕಾಲಮಾನ. ನೂರು ಕೋಟಿ ವರ್ಷ ಓಡಿಸಿದ್ದೇವೆ ಎಂದುಕೊಂಡ ಲೆಕ್ಕ ನಿಜಕ್ಕೂ 16 ಕೋಟಿ ವರ್ಷಕ್ಕೇ ನಿಂತಿರುತ್ತದೆ. ಖಗೋಳಮಾನ, ವರ್ಷ, ಸೂರ್ಯರಾಶಿ ಎಂದು ಏಕಮಾನಗಳನ್ನು ಯಾವ ಕಾಯವನ್ನೂ ಸೇರಿಸುವ ಮುಂಚೆಯೇ ಘೋಷಿಸಿಬಿಡುವುದು ಒಳ್ಳೆಯದು. ಆರೂಕಾಲು ಭೂಮಿಗಳ ಗ್ರಹಕ್ಕೆ ಆಗ ಕೊಡಬೇಕಾದ ರಾಶಿ ಸೂರ್ಯನ ಲಕ್ಷದ ಒಂದು ಪಾಲಿನ 1.9ರಷ್ಟು. ಇಲ್ಲಿ ಒಂದು ಸೊನ್ನೆ ತಪ್ಪಿದರೆ ಗುರುವಿನ ಪಕ್ಕಕ್ಕೆ ಇನ್ನೊಬ್ಬ ಶನಿಯನ್ನು ತಂದು ಕೂರಿಸಿದ ಹಾಗಾಗುತ್ತದೆ.

ಎಲ್ಲಕ್ಕಿಂತ ಮೋಸದ್ದು ಸಕ್ರಿಯ ಕಾಯಗಳ ಎಣಿಕೆ. ತಾವು ಯಾವುದನ್ನೂ ಸೆಳೆಯದೆ ಬೇರೆಯವುಗಳ ಸೆಳೆತಕ್ಕೆ ಮಾತ್ರ ಒಳಗಾಗುವ, ತೂಕವಿಲ್ಲದ ಪರೀಕ್ಷಾ ಕಣಗಳನ್ನು ಸೇರಿಸಿದಾಗ ‘ಮೊದಲ ಇಷ್ಟು ಕಾಯಗಳಿಗೆ ಮಾತ್ರ ಗುರುತ್ವ’ ಎಂದು ಹೇಳಬೇಕು. ಹೇಳದಿದ್ದರೆ ಲೆಕ್ಕ ವಿನಾಕಾರಣ ನಿಧಾನವಾಗುತ್ತದೆ. ಹೇಳಿದ ಮೇಲೆ ನಕ್ಷತ್ರವನ್ನು ಪಟ್ಟಿಯ ಕೊನೆಗೆ ಸೇರಿಸಿದರೆ ಅದೂ ಪರೀಕ್ಷಾ ಕಣವಾಗಿಬಿಡುತ್ತದೆ. ಸೂರ್ಯನಷ್ಟು ತೂಕದ ನಕ್ಷತ್ರ ಹಾದುಹೋಗುತ್ತದೆ, ಯಾವ ಗ್ರಹವೂ ಕದಲುವುದಿಲ್ಲ, ‘ನಕ್ಷತ್ರದ ಪ್ರಭಾವ ನಗಣ್ಯ’ ಎಂಬ ತೀರ್ಮಾನ ಹೊರಬೀಳುತ್ತದೆ. ಕ್ರಮ ಹೀಗಿರಲಿ: ಸೂರ್ಯ, ಗ್ರಹಗಳು ಒಳಗಿನಿಂದ ಹೊರಕ್ಕೆ, ನಕ್ಷತ್ರ, ಕೊನೆಗೆ ಕಣಗಳು.

ಇಂಟಿಗ್ರೇಟರಿನ, ಅಂದರೆ ಚಲನೆಯನ್ನು ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುವ ವಿಧಾನದ, ಆಯ್ಕೆಯಲ್ಲೂ ಇದೇ ಜಾಗರೂಕತೆ ಬೇಕು. ಡಬ್ಲ್ಯೂಎಚ್‌ಫಾಸ್ಟ್ ಅತಿ ವೇಗದ್ದು, ಆದರೆ ಗ್ರಹಗಳು ಹತ್ತಿರ ಹತ್ತಿರ ಬಂದರೆ ಅದರ ಫಲಿತಾಂಶಕ್ಕೆ ಅರ್ಥವಿಲ್ಲ. ಎಸೆತ ಎಂದರೇ ಹತ್ತಿರ ಬರುವುದು. ನಕ್ಷತ್ರ ಹಾಯುವ ಲೆಕ್ಕಕ್ಕಂತೂ ಅದನ್ನು ಮುಟ್ಟಲೇಬಾರದು. ಮರ್ಕ್ಯೂರಿಯಸ್ ಗ್ರಹಗಳ ಮುಖಾಮುಖಿಯನ್ನು ನಿಭಾಯಿಸುತ್ತದೆ, ಆದರೆ ತುಂಬ ಚಪ್ಪಟೆಯಾದ ಕಕ್ಷೆಯ ಕಾಯ ಸೂರ್ಯನ ಸಮೀಪ ಬಂದಾಗ ಅದರ ನಿಖರತೆ ಕುಸಿಯುತ್ತದೆ. 2024ರಲ್ಲಿ ಬಂದ ಟ್ರೇಸ್ ಎರಡನ್ನೂ ಸಂಭಾಳಿಸಲೆಂದೇ ಮಾಡಿದ್ದು. ಎಸೆತದ ಹಂತಕ್ಕೆ ನಮ್ಮ ಶಿಫಾರಸು ಅದೇ. ಓಟ ಚಿಕ್ಕದಾಗಿದ್ದರೆ ಐಎಎಸ್15 ಕಣ್ಣು ಮುಚ್ಚಿ ಬಳಸಬಹುದು, ಅದು ಕಾಲಹೆಜ್ಜೆಯನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಹೆಜ್ಜೆಯನ್ನು ನಾವೇ ಕೊಡಬೇಕಾದ ಕಡೆ ‘ಗುರುವಿನ ಅವಧಿಯ ಇಪ್ಪತ್ತನೇ ಒಂದು ಪಾಲು’ ಎಂಬ ರೂಢಿಯ ಲೆಕ್ಕ 0.6 ವರ್ಷ ಕೊಡುತ್ತದೆ. ಎಸೆದ ಗ್ರಹದ ಪುರರವಿ 5 ಖಗೋಳಮಾನಕ್ಕೆ ಬಂದರೆ ಅದು ಸಾಲದು. ಪುರರವಿಯ ಓಟದ ಗತಿಗೆ ತಕ್ಕಂತೆ 0.4 ವರ್ಷಕ್ಕೆ ಇಳಿಸಬೇಕು.

ಇಷ್ಟೆಲ್ಲ ಸರಿಮಾಡಿದ ಮೇಲೂ ಒಂದೇ ಓಟ ಯಾವುದಕ್ಕೂ ಸಾಕ್ಷಿಯಲ್ಲ. ಗ್ರಹಗಳ ಆರಂಭದ ಕೋನಗಳನ್ನೂ ನಕ್ಷತ್ರದ ದಿಕ್ಕನ್ನೂ ಬದಲಿಸುತ್ತ ನೂರಾರು ಓಟ ಬೇಕು. ಪ್ರತಿಯೊಂದರಲ್ಲೂ 42ರಿಂದ 47 ಖಗೋಳಮಾನದ ನಡುವೆ ಕೆಲವು ನೂರು ಪರೀಕ್ಷಾ ಕಣಗಳನ್ನು ಬಹುತೇಕ ವೃತ್ತಾಕಾರದ, ಓರೆಯಿಲ್ಲದ ಕಕ್ಷೆಗಳಲ್ಲಿ ಇಡುವುದನ್ನು ಮರೆಯಬೇಡಿ. ನೆಪ್ಚೂನಿನ ಆಚೆಯ ಸಣ್ಣ ಹಿಮಕಾಯಗಳ ವಲಯವಾದ ಕೈಪರ್ ಪಟ್ಟಿಯ ಆ ಭಾಗ ಇವತ್ತಿಗೂ ಪ್ರಶಾಂತವಾಗಿದೆ. ನಕ್ಷತ್ರ ಹಾದುಹೋದ ಮೇಲೆ ಕಣಗಳ ಉತ್ಕೇಂದ್ರತೆ 0.1 ದಾಟಿ ಚದುರಿದ್ದರೆ, ಒಂಬತ್ತನೇ ಗ್ರಹ ಎಷ್ಟು ಚೆನ್ನಾಗಿ ಕೂತಿದ್ದರೂ ಆ ಓಟವನ್ನು ಬುಟ್ಟಿಗೆ ಹಾಕಬೇಕು.

ಅನಿಲದ ತಟ್ಟೆ ತಡೆದು ನಿಲ್ಲಿಸಿತೆ?

ನಕ್ಷತ್ರದ ಬದಲು, ಸೂರ್ಯನ ಸುತ್ತ ಆಗ ಇದ್ದ ವಿಶಾಲ ಅನಿಲದ ತಟ್ಟೆಯೇ ಗ್ರಹದ ಓಟಕ್ಕೆ ಕಡಿವಾಣ ಹಾಕಿತು ಎಂಬುದು ಬ್ರೊಮ್ಲಿ ಮತ್ತು ಕೆನ್ಯನ್ 2016ರಲ್ಲಿ ಪರಿಶೀಲಿಸಿದ ಊಹೆ. ಇದಕ್ಕೆ ರೀಬೌಂಡ್‌ಎಕ್ಸ್ ಎಂಬ ಜೊತೆ ತಂತ್ರಾಂಶ ಬೇಕು. ಅದರಲ್ಲಿ ಉತ್ಕೇಂದ್ರತೆ ಕುಗ್ಗುವ ಕಾಲಾವಧಿಯನ್ನು ಒಂದು ಸಂಖ್ಯೆಯಾಗಿ ಕೊಟ್ಟರೆ ಮುಗಿಯಿತು. ಮೈನಸ್ ಚಿಹ್ನೆ ಇದ್ದರೆ ಕುಗ್ಗುತ್ತದೆ, ಇಲ್ಲದಿದ್ದರೆ ಬೆಳೆಯುತ್ತದೆ.

ನಿಜವಾದ ಬಲೆ ಇರುವುದು ಬೇರೆಡೆ. ಕಕ್ಷೆಯನ್ನು ಬಲದ ಮೂಲಕ ಬದಲಿಸುವ ವಿಧಾನ ಉತ್ಕೇಂದ್ರತೆಯನ್ನು ಇಳಿಸುವಾಗ ಕೋನೀಯ ಸಂವೇಗವನ್ನು (ಸುತ್ತುವ ಚಲನೆಯ ಪ್ರಮಾಣ) ಹಾಗೆಯೇ ಉಳಿಸಿಕೊಳ್ಳುತ್ತದೆ. ಹಾಗಾದರೆ 10 ಖಗೋಳಮಾನ ಪುರರವಿಯ ಗ್ರಹ ಕೊನೆಗೆ ವೃತ್ತಾಕಾರ ತಾಳುವುದು 20 ಖಗೋಳಮಾನದ ಒಳಗೆ, ಯುರೇನಸ್ಸಿನ ಅಂಗಳದಲ್ಲಿ. ಕಕ್ಷೆಯನ್ನು ನೇರವಾಗಿ ಬದಲಿಸುವ ಇನ್ನೊಂದು ವಿಧಾನದಲ್ಲಿ ಪಿ ಎಂಬ ನಿಯತಾಂಕವಿದೆ. ಅದು ಸೊನ್ನೆಯಾಗಿದ್ದರೆ ಅರ್ಧ ದೀರ್ಘಾಕ್ಷ ಕದಲದೆ ಪುರರವಿ ಮಾತ್ರ ಏರುತ್ತದೆ, ಚೆಂದದ ಒಂಬತ್ತನೇ ಗ್ರಹ ಸಿದ್ಧವಾಗುತ್ತದೆ. ಏನೂ ಹೇಳದಿದ್ದರೆ ಅದು ಸೊನ್ನೆಯೇ. ಒಂದೇ ಭೌತಶಾಸ್ತ್ರದ ಹೆಸರಿನಲ್ಲಿ ಎರಡು ವಿರುದ್ಧ ಫಲಿತಾಂಶ! ಅನಿಲ ಎಷ್ಟು ದೂರ ಹರಡಿತ್ತು, ಗ್ರಹಕ್ಕೆ ಎಷ್ಟು ಕೋನೀಯ ಸಂವೇಗ ಕೊಡಬಲ್ಲದಾಗಿತ್ತು ಎಂಬುದನ್ನು ಬೇರೆಡೆ ಲೆಕ್ಕ ಹಾಕಿಕೊಂಡು ಬರದವರು ಇಲ್ಲಿ ತಮಗೆ ಬೇಕಾದ ಉತ್ತರವನ್ನು ತಾವೇ ಬರೆದುಕೊಂಡ ಹಾಗೆ. ದಾಖಲೆಯಲ್ಲಿ ಈ ವ್ಯತ್ಯಾಸವನ್ನು ಬರೆದಿದ್ದಾರೆ ಎಂಬುದೇನೋ ನಿಜ. ಆದರೆ ಫಲಿತಾಂಶವನ್ನೇ ತಿರುಗಿಸುವ ಆಯ್ಕೆಯನ್ನು ಬಳಕೆದಾರರ ಕೈಯಿಂದ ಬಾಯಿಬಿಟ್ಟು ಹೇಳಿಸಬೇಕಿತ್ತು.

ಬೇರೆ ನಕ್ಷತ್ರದಿಂದ ಬಂದದ್ದು

ಮಸ್ಟಿಲ್, ರೇಮಂಡ್ ಮತ್ತು ಡೇವಿಸ್ 2016ರಲ್ಲಿ ಮುಂದಿಟ್ಟ ಸಾಧ್ಯತೆ: ಹಾದುಹೋದ ನಕ್ಷತ್ರದ ಹೊರಕಕ್ಷೆಯ ಗ್ರಹವನ್ನು ಸೂರ್ಯ ಕಸಿದುಕೊಂಡಿತು. ರೀಬೌಂಡಿಗೆ ಇದು ಹೇಳಿ ಮಾಡಿಸಿದ ಕೆಲಸ. ನಕ್ಷತ್ರವನ್ನು ಸೇರಿಸಿ, ಅದನ್ನೇ ಕೇಂದ್ರವೆಂದು ಹೇಳಿ ಅದರ ಸುತ್ತ ಒಂದೆರಡು ನೂರು ಖಗೋಳಮಾನದಲ್ಲಿ ಗ್ರಹವನ್ನು ಸೇರಿಸಿದರೆ ತಯಾರಿ ಮುಗಿಯಿತು. ಗ್ರಹ ಸೂರ್ಯನಿಗೆ ಸೆರೆಯಾಯಿತೇ ಎಂದು ನೋಡುವಾಗ ಕಕ್ಷೆಯನ್ನು ಸೂರ್ಯನನ್ನೇ ಕೇಂದ್ರವಾಗಿಟ್ಟು ಕೇಳಬೇಕು. ಹಾಗೆ ಹೇಳದಿದ್ದರೆ ತಂತ್ರಾಂಶ ಪಟ್ಟಿಯಲ್ಲಿ ಮೊದಲಿರುವ ಎಲ್ಲ ಕಾಯಗಳ ದ್ರವ್ಯರಾಶಿ ಕೇಂದ್ರವನ್ನು ಹಿಡಿದು ಉತ್ತರಿಸುತ್ತದೆ. ಅಲ್ಲಿ ಎರಡು ಸೂರ್ಯರ ನಡುವಿನ ಖಾಲಿ ಜಾಗವೇ ಕೇಂದ್ರವಾಗಿರುತ್ತದೆ.

ನಕ್ಷತ್ರ ಕೆಲವು ನೂರು ಖಗೋಳಮಾನದಷ್ಟು ಹತ್ತಿರ ಬಂದರೆ ಮಾತ್ರ ಈ ಕಸಿತ ಚೆನ್ನಾಗಿ ನಡೆಯುವುದರಿಂದ ಕೈಪರ್ ಪಟ್ಟಿಯ ಪರೀಕ್ಷೆ ಇಲ್ಲಿ ಇನ್ನೂ ಕಠಿಣ. ಇನ್ನೊಂದು ಅಂಶವೂ ಇದೆ. ಕಸಿದ ಗ್ರಹದ ಓರೆ ಎಷ್ಟು ಬೇಕಾದರೂ ಇರಬಹುದು, ಹಿಮ್ಮುಖ ಕಕ್ಷೆಯೂ ಬರಬಹುದು. ಅವುಗಳಲ್ಲಿ 16 ಡಿಗ್ರಿಯ ಹತ್ತಿರದವನ್ನು ಮಾತ್ರ ಆರಿಸಿ ತೋರಿಸಿದರೆ, ಎಷ್ಟರಲ್ಲಿ ಎಷ್ಟನ್ನು ಆರಿಸಿದ್ದು ಎಂಬುದನ್ನೂ ಜೊತೆಗೆ ಹೇಳಬೇಕು.

ಅಲ್ಲೇ ಹುಟ್ಟಿದ್ದರೆ

ಇದಕ್ಕೆ ರೀಬೌಂಡ್ ಬೇಡ. 500 ಖಗೋಳಮಾನದಲ್ಲಿ ಒಂದು ಸುತ್ತಿಗೇ 11 ಸಾವಿರ ವರ್ಷ. ಅಲ್ಲಿ ಲೆಕ್ಕವಿಲ್ಲದಷ್ಟು ಸಣ್ಣ ಕಾಯಗಳು ಢಿಕ್ಕಿ ಹೊಡೆಯುತ್ತ, ಒಡೆಯುತ್ತ, ಅಂಟುತ್ತ ಗ್ರಹ ಬೆಳೆಯುವುದನ್ನು ಒಂದೊಂದೇ ಕಾಯದ ಚಲನೆಯಾಗಿ ಹಿಂಬಾಲಿಸಲು ಆಗದು. ಕೆನ್ಯನ್ ಮತ್ತು ಬ್ರೊಮ್ಲಿ ಬಳಸಿದಂಥ ಸಂಖ್ಯಾಶಾಸ್ತ್ರೀಯ ಲೆಕ್ಕವೇ ಬೇಕು.

ಇದು ಗ್ರಹವೇ ಅಲ್ಲ, ಆದಿಕಾಲದ ಕಪ್ಪುಕುಳಿ ಎಂಬ ವಿಜ್ಞಾನಿಗಳಾದ ಶೋಲ್ಟ್ಸ್ ಮತ್ತು ಅನ್ವಿನ್ ಅವರ ಊಹೆಗೂ ಇಲ್ಲಿ ಹೊಸದೇನೂ ಮಾಡಬೇಕಿಲ್ಲ. ಐದು ಭೂಮಿಗಳ ತೂಕದ ಕಪ್ಪುಕುಳಿಯ ತ್ರಿಜ್ಯ ನಾಲ್ಕೂವರೆ ಸೆಂಟಿಮೀಟರಿನ ಆಸುಪಾಸು. ರೀಬೌಂಡಿಗೆ ಅದೂ ಗ್ರಹವೂ ಒಂದೇ ಚುಕ್ಕೆ.

ವೇಗ, ಕಡತ, ದಾಖಲೆ

ಹುಟ್ಟಿನ ಹಂತ ಮುಗಿದು ಗ್ರಹ ಕೂತ ಮೇಲೆ, ಅದು 450 ಕೋಟಿ ವರ್ಷ ಉಳಿಯುತ್ತದೆಯೇ ಎಂದು ನೋಡುವುದು ಬೇರೆ ಓಟ. ಇಲ್ಲಿ ಡಬ್ಲ್ಯೂಎಚ್‌ಫಾಸ್ಟ್‌ಗೆ ಮರಳಬಹುದು. ಗುರುವಿನಿಂದ ಯುರೇನಸ್‌ವರೆಗಿನ ಗ್ರಹಗಳನ್ನು ಬಿಡಿಬಿಡಿಯಾಗಿ ಓಡಿಸದೆ, ಅವುಗಳ ಸರಾಸರಿ ಸೆಳೆತವನ್ನು ಸೂರ್ಯನ ಚಪ್ಪಟೆತನವಾಗಿ ಕರಗಿಸಿ ನೆಪ್ಚೂನನ್ನು ಮಾತ್ರ ಉಳಿಸಿಕೊಂಡರೆ ಕಾಲಹೆಜ್ಜೆ 8 ವರ್ಷದವರೆಗೆ ಹಿಗ್ಗುತ್ತದೆ. ಅದಕ್ಕೆ ಬೇಕಾದ ಬಲ ರೀಬೌಂಡ್‌ಎಕ್ಸಿನಲ್ಲಿದೆ. ಈ ಉಪಾಯವನ್ನು ಎಸೆತದ ಹಂತದಲ್ಲಿ ಬಳಸುವಂತಿಲ್ಲ, ಏಕೆಂದರೆ ಒದೆಯುವ ಗುರುವೇ ಅಲ್ಲಿ ಇರುವುದಿಲ್ಲ. ಡಬ್ಲ್ಯೂಎಚ್‌ಫಾಸ್ಟ್512 ಎಂಬ ಅತಿವೇಗದ ಆವೃತ್ತಿಯೂ ಇದೆ. ಅದಕ್ಕೆ ಎವಿಎಕ್ಸ್512 ಸೂಚನೆಗಳಿರುವ ಪ್ರೊಸೆಸರ್ ಬೇಕು, ಎಂಟು ಗ್ರಹಗಳಿಗಿಂತ ಹೆಚ್ಚಿಗೆ ಜಾಗವಿಲ್ಲ. ಕಾಯಗಳು ಹತ್ತಾರು ಮಾತ್ರ ಇದ್ದಾಗ ಒಂದು ಓಟವನ್ನು ಹಲವು ಕೋರ್‌ಗಳಿಗೆ ಹಂಚಿ ಲಾಭವಿಲ್ಲ. ಒಂದೊಂದು ಕೋರ್‌ಗೆ ಒಂದೊಂದು ಓಟ ಕೊಡಿ. ಗ್ಯಾಲಕ್ಸಿಯ ಸೆಳೆತದಂಥ ಹೊರಬಲವನ್ನು ಪೈಥಾನಿನಲ್ಲೇ ಬರೆದರೆ ಪ್ರತಿ ಹೆಜ್ಜೆಗೂ ಅದನ್ನು ಕರೆಯಬೇಕಾಗಿ ಲೆಕ್ಕ ತೆವಳುತ್ತದೆ. ಅದನ್ನು ಸಿ ಭಾಷೆಯಲ್ಲೇ ಬರೆಯುವುದು ವಾಸಿ.

ನಡುನಡುವೆ ಸ್ಥಿತಿಯನ್ನು ಉಳಿಸುವ ಸಿಮ್ಯುಲೇಷನ್ ಆರ್ಕೈವ್ ಈ ತಂತ್ರಾಂಶದ ಅತ್ಯುತ್ತಮ ಭಾಗ. ಕರೆಂಟು ಹೋದರೂ ಕೊನೆಯ ಉಳಿಕೆಯಿಂದ ಮುಂದುವರಿಸಬಹುದು, ಡಬ್ಲ್ಯೂಎಚ್‌ಫಾಸ್ಟಿನ ಓಟಗಳನ್ನು ಬಿಟ್‌ಗೆ ಬಿಟ್ ಹೊಂದುವಂತೆ ಮತ್ತೆ ಓಡಿಸಬಹುದು. ಎರಡು ಕಿರಿಕಿರಿ ಮಾತ್ರ. ಹಳೆಯ ಫೈಲನ್ನು ಅಳಿಸು ಎಂದು ಹೇಳದಿದ್ದರೆ ಹೊಸ ಓಟ ಅದರ ಬಾಲಕ್ಕೇ ಅಂಟಿಕೊಳ್ಳುತ್ತದೆ. ನಾವೇ ಬರೆದ ಹೊರಬಲ ಆರ್ಕೈವಿನಲ್ಲಿ ಉಳಿಯುವುದಿಲ್ಲ, ಮತ್ತೆ ತೆರೆದಾಗಲೆಲ್ಲ ಜೋಡಿಸಬೇಕು. ಮರೆತರೆ ಲೆಕ್ಕ ಅರ್ಧದಾರಿಯಲ್ಲಿ ಸದ್ದಿಲ್ಲದೆ ಬೇರೆ ಸೌರಮಂಡಲದ ಲೆಕ್ಕವಾಗುತ್ತದೆ.

ಕೊನೆಯ ಅಂಕಿಗಳನ್ನು ತೆಗೆಯುವಾಗ ಸೂರ್ಯಕೇಂದ್ರಿತ ಕಕ್ಷೆಯನ್ನು ನೆಚ್ಚಬೇಡಿ. ಗುರು ಎಳೆದಾಡುವುದರಿಂದ ಸೂರ್ಯನೇ ಅಲುಗುತ್ತದೆ. ಸೆಡ್ನಾದಂಥ ದೂರದ ಕಾಯದ ಅರ್ಧ ದೀರ್ಘಾಕ್ಷ ಅದರಿಂದ ಹತ್ತಾರು ಖಗೋಳಮಾನ ಏರಿಳಿಯುತ್ತಿರುವಂತೆ ಕಾಣುತ್ತದೆ. ಗ್ರಹಮಂಡಲದ ದ್ರವ್ಯರಾಶಿ ಕೇಂದ್ರದಿಂದ ಅಳೆದರೆ ಆ ಕುಣಿತ ನಿಲ್ಲುತ್ತದೆ.

ದಾಖಲೆ ಮತ್ತು ಉದಾಹರಣೆಗಳು ಧಾರಾಳವಾಗಿವೆ, ಓದಿಸಿಕೊಂಡು ಹೋಗುತ್ತವೆ. ಆದರೆ ನಾಲ್ಕನೇ ಆವೃತ್ತಿಯಲ್ಲಿ ಶಕ್ತಿ, ಕಕ್ಷೆ, ಆರ್ಕೈವ್ ಇವುಗಳ ಆದೇಶಗಳ ಹೆಸರು ಬದಲಾಗಿವೆ. ಎಲ್ಲೆಲ್ಲಿಂದಲೋ ನಕಲು ಮಾಡಿದ ಹಳೆಯ ಸ್ಕ್ರಿಪ್ಟು ಮೊದಲ ಸಾಲುಗಳಲ್ಲೇ ಮುಗ್ಗರಿಸುತ್ತದೆ. ಬಟೀಗಿನ್ ಮತ್ತು ಬ್ರೌನ್ 2016ರಲ್ಲಿ ಬಳಸಿದ ಮರ್ಕ್ಯೂರಿ6 ಎಂಬ ಹಳೆಯ ತಂತ್ರಾಂಶದಿಂದ ಬರುವವರಿಗೆ ಇನ್ನೊಂದು ಮಾತು: ಅಲ್ಲಿ ಕೋನ ಡಿಗ್ರಿಯಲ್ಲಿ, ಕಾಲ ದಿನಗಳಲ್ಲಿ ಇರುತ್ತಿತ್ತು. ಹಳೆಯ ಕಡತದ ಸಂಖ್ಯೆಗಳನ್ನು ಹಾಗೆಯೇ ಇಲ್ಲಿಗೆ ಸುರಿಯಬೇಡಿ.